ಗೋದಾಮಿನಲ್ಲಿ ಪಾಸ್, ಹಾಲ್‌ನಲ್ಲಿ ಫೇಲ್: ದಾವಣಗೆರೆ ಹುಡುಗರಿಗೆ ಸಿಎ ಎಲ್ಲಿ ಕೈ ಕೊಡುತ್ತದೆ?

ಮಾರ್ಚ್ 31ರ ಸಂಜೆ ದಾವಣಗೆರೆ ಹೊರವಲಯದ ಒಂದು ರೈಸ್ ಮಿಲ್‌ಗೆ ಆಡಿಟ್‌ಗೆಂದು ಸ್ಟಾಕ್ ಎಣಿಸಲು ಹೋಗಿದ್ದೆವು. ಗುಮಾಸ್ತರು ಗೋದಾಮಿನ ಬಾಗಿಲಲ್ಲೇ ನಿಂತು ಲೆಕ್ಕ ಒಪ್ಪಿಸಿದರು. "ಉದ್ದಕ್ಕೆ 20, ಅಗಲಕ್ಕೆ 12, ಎತ್ತರಕ್ಕೆ 14. ಬರ್ಕೊಳ್ರೀ, 3,360 ಚೀಲ." ನಮ್ಮ ಆಫೀಸಿನ ಹುಡುಗ ಬರೆದುಕೊಳ್ಳಲಿಲ್ಲ. ಚಪ್ಪಲಿ ಬಿಟ್ಟು ಚೀಲಗಳ ಅಟ್ಟಿ ಹತ್ತಿದ. ಮೇಲೆ ನಾಲ್ಕು ಹೆಜ್ಜೆ ಹೋದವನು ಹಾಗೇ ನಿಂತ. "ಅಣ್ಣಾ, ನಡುವೆ ಬಾವಿ ಐತೆ!"

ನಿಜ. ಹೊರಗಿನಿಂದ ಗಟ್ಟಿ ಗೋಡೆಯ ಹಾಗೆ ಕಾಣುತ್ತಿದ್ದ ಅಟ್ಟಿಯ ನಡುವೆ ಉದ್ದಕ್ಕೆ 6, ಅಗಲಕ್ಕೆ 4, ಆಳಕ್ಕೆ 9 ಚೀಲದಷ್ಟು ಜಾಗ ಖಾಲಿ ಇತ್ತು. ಅಂದರೆ 216 ಚೀಲ ಇಲ್ಲ. "ಹಮಾಲರು ಹಂಗೇ ಎತ್ತಿರಬೇಕು ಬಿಡ್ರೀ" ಎಂದು ಗುಮಾಸ್ತರು ನಕ್ಕರು. ನಾವು 3,144 ಎಂದು ಬರೆದುಕೊಂಡು ಬಂದೆವು.

ಇದೇ ಹುಡುಗನ ಸಿಎ (ಚಾರ್ಟರ್ಡ್ ಅಕೌಂಟೆನ್ಸಿ) ಕೋರ್ಸಿನ ಎರಡನೇ ಹಂತದ, ಅಂದರೆ ಇಂಟರ್‌ನ ಫಲಿತಾಂಶ ಅದೇ ತಿಂಗಳ ಮೊದಲ ವಾರ ಬಂದಿತ್ತು. ಎರಡನೇ ಗ್ರೂಪ್ ಫೇಲ್. ಕಾಸ್ಟಿಂಗ್‌ನಲ್ಲಿ 61, ಫೈನಾನ್ಶಿಯಲ್ ಮ್ಯಾನೇಜ್‌ಮೆಂಟ್‌ನಲ್ಲಿ 56, ಆಡಿಟಿಂಗ್‌ನಲ್ಲಿ 36. ಆಮೇಲೆ ಉತ್ತರ ಪತ್ರಿಕೆಯ ನಕಲು ತರಿಸಿ ನೋಡಿದೆವು. ಅದರಲ್ಲಿ ಐದು ಅಂಕದ ಒಂದು ಪ್ರಶ್ನೆ ಇತ್ತು. ಸ್ಟಾಕ್ ಎಣಿಕೆಯ ದಿನ ಆಡಿಟರ್ ಏನೇನು ಮಾಡಬೇಕು ಅನ್ನೋದೇ ಆ ಪ್ರಶ್ನೆ. ಆಡಿಟರ್ ಖುದ್ದಾಗಿ ಗೋದಾಮಿಗೆ ಹೋಗಬೇಕು, ಸರಿಯಾಗಿ ನೋಡಬೇಕು, ಮಾಲೀಕರ ಮಾತನ್ನೇ ನಂಬಬಾರದು ಎಂಬರ್ಥದ ನಾಲ್ಕು ಸಾಲನ್ನು ತೊದಲು ಇಂಗ್ಲಿಷಿನಲ್ಲಿ ಬರೆದಿದ್ದ. ಸಿಕ್ಕಿದ್ದು ಒಂದೂವರೆ.

ಅವನು ಬರೆದದ್ದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಪರೀಕ್ಷಕರು ಹುಡುಕುವುದು ಬೇರೆ. ಆಡಿಟರ್‌ಗಳು ಪಾಲಿಸಬೇಕಾದ ಮಾನದಂಡಗಳಲ್ಲಿ ಒಂದಾದ ಸ್ಟ್ಯಾಂಡರ್ಡ್ ಆನ್ ಆಡಿಟಿಂಗ್ 501 ಇದನ್ನು ಐದು ಕೆಲಸವಾಗಿ ಬಿಡಿಸಿ ಹೇಳುತ್ತದೆ. ಎಣಿಕೆಗೆ ಆಡಳಿತದವರು ಕೊಟ್ಟ ಸೂಚನೆ ಮತ್ತು ಕ್ರಮ ಸರಿಯಿದೆಯೇ ಎಂದು ತೂಗಿ ನೋಡುವುದು, ಎಣಿಕೆ ನಡೆಯುವುದನ್ನು ಗಮನಿಸುವುದು, ಸರಕನ್ನು ಪರಿಶೀಲಿಸುವುದು, ತಾನೇ ಒಂದಿಷ್ಟು ಎಣಿಸಿ ನೋಡುವುದು, ಕೊನೆಗೆ ಪುಸ್ತಕದ ಅಂಕಿ ಎಣಿಕೆಯ ಅಂಕಿಗೆ ತಾಳೆಯಾಗುತ್ತದೆಯೇ ಎಂದು ನೋಡುವುದು. ನಮ್ಮ ಹುಡುಗ ಮಿಲ್‌ನಲ್ಲಿ ಇದರಲ್ಲಿ ಮೂರನ್ನಾದರೂ ಯಾರೂ ಹೇಳದೆ ಮಾಡಿದ್ದ. ಪರೀಕ್ಷಾ ಹಾಲ್‌ನಲ್ಲಿ ಒಂದಕ್ಕೂ ಹೆಸರಿಡಲು ಆಗಿರಲಿಲ್ಲ.

ಸಿಎ ಪರೀಕ್ಷೆ ಅಂದಕೂಡಲೇ ನಮ್ಮ ಕಡೆ "ಭಾಳ ಟಫ್ ಕಣ್ರೀ" ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಟಫ್ ಹೌದು. ಆದರೆ ಯಾವುದು ಟಫ್? ಹತ್ತಾರು ಹುಡುಗರ ಅಂಕಪಟ್ಟಿ ನೋಡಿದ ಮೇಲೆ ನನಗನಿಸಿರುವುದು ಇಷ್ಟು. ದಾವಣಗೆರೆ, ಚಿತ್ರದುರ್ಗದ ಮಕ್ಕಳು ಲೆಕ್ಕ ಬಾರದೆ ಫೇಲಾಗುವುದು ಕಡಿಮೆ. ಬರುವುದನ್ನು ಬರೆಯಲಾಗದೆ ಫೇಲಾಗುವುದು ಜಾಸ್ತಿ. ಮನೆಯವರ ದುಡ್ಡು, ಮಕ್ಕಳ ಸಮಯ ಎರಡೂ ಮಾತ್ರ ಬರವಣಿಗೆಯನ್ನು ಬಿಟ್ಟು ಬೇರೆಲ್ಲದಕ್ಕೂ ಹೋಗುತ್ತಿದೆ.

ಕೋರ್ಸಿನ ನಕ್ಷೆಯನ್ನು ಬೇಗ ಹೇಳಿಬಿಡುತ್ತೇನೆ. ಫೌಂಡೇಶನ್, ಇಂಟರ್‌ಮೀಡಿಯೇಟ್, ಫೈನಲ್ ಎಂದು ಮೂರು ಹಂತ. 2023ರ ಜುಲೈ 1ರಿಂದ ಹೊಸ ಪಠ್ಯಕ್ರಮ ಬಂತು. ಇಂಟರ್ ಮತ್ತು ಫೈನಲ್‌ನಲ್ಲಿ ಎಂಟೆಂಟು ಪೇಪರ್ ಇದ್ದದ್ದು ಆರಾರಕ್ಕೆ ಇಳಿಯಿತು. ಮೂರು ಪೇಪರ್‌ಗೆ ಒಂದು ಗ್ರೂಪ್. ಆರ್ಟಿಕಲ್‌ಶಿಪ್, ಅಂದರೆ ಸಿಎ ಆಫೀಸಿನಲ್ಲಿ ಕೆಲಸ ಕಲಿಯುವ ಕಡ್ಡಾಯ ತರಬೇತಿ, ಮೂರು ವರ್ಷದಿಂದ ಎರಡು ವರ್ಷಕ್ಕೆ ಬಂತು. ಅದನ್ನು ಶುರು ಮಾಡಲು ಇಂಟರ್‌ನ ಎರಡೂ ಗ್ರೂಪ್ ಪಾಸಾಗಿರಬೇಕು. ಅದು ಮುಗಿದು ಆರು ತಿಂಗಳ ಮೇಲೆ ಫೈನಲ್. ನಡುವೆ ನಾಲ್ಕು ಆನ್‌ಲೈನ್ ಮಾಡ್ಯೂಲ್‌ಗಳನ್ನು ಪಾಸು ಮಾಡಿಕೊಳ್ಳಬೇಕು. ಬಿಕಾಂನಲ್ಲಿ 55% ತೆಗೆದವರು ಫೌಂಡೇಶನ್ ಇಲ್ಲದೆ ನೇರ ಇಂಟರ್‌ಗೆ ಸೇರಬಹುದು.

ಫಲಿತಾಂಶ ಹೀಗಿದೆ. 2024ರ ನವೆಂಬರ್‌ನಲ್ಲಿ ಫೈನಲ್‌ನ ಎರಡೂ ಗ್ರೂಪ್ ಒಟ್ಟಿಗೆ ಬರೆದವರಲ್ಲಿ ಎರಡನ್ನೂ ಪಾಸು ಮಾಡಿದವರು 13.44%. 2025ರ ಮೇನಲ್ಲಿ 18.75%. ಅದೇ ಮೇ ತಿಂಗಳಲ್ಲಿ ಇಂಟರ್‌ನ ಎರಡೂ ಗ್ರೂಪ್‌ಗೆ 13.22%, ಫೌಂಡೇಶನ್‌ಗೆ 15.09%. ನೂರು ಜನ ಕೂತರೆ ಎಂಬತ್ತಕ್ಕಿಂತ ಜಾಸ್ತಿ ಜನ ವಾಪಸ್. ಇಷ್ಟು ಜನ ದಡ್ಡರೇ? ಪಿಯುಸಿ ಅಕೌಂಟೆನ್ಸಿಯಲ್ಲಿ ನೂರಕ್ಕೆ ನೂರು ತೆಗೆದವರೂ ಈ ಎಂಬತ್ತರಲ್ಲಿ ಇರುತ್ತಾರೆ. ಇದನ್ನು ಅಪ್ಪ ಅಮ್ಮನಿಗೆ ಅರ್ಥ ಮಾಡಿಸುವುದೇ ದೊಡ್ಡ ಕಷ್ಟ. ಮದುವೆ ಮನೆಯಲ್ಲಿ ಯಾರೋ "ಇನ್ನೂ ಮುಗೀಲಿಲ್ವಾ ನಿಮ್ಮ ಹುಡುಗಂದು?" ಅಂತ ಕೇಳಿದಾಗ ಈ ಶೇಕಡಾವಾರು ಯಾರ ಬಾಯಿಗೂ ಬರುವುದಿಲ್ಲ.

ಪಾಸಿನ ನಿಯಮವನ್ನೂ ಬಿಡಿಸಿ ನೋಡಬೇಕು. ಪ್ರತಿ ಪೇಪರ್‌ನಲ್ಲಿ 40, ಗ್ರೂಪ್‌ನಲ್ಲಿ ಒಟ್ಟು 50%. ಮೂರು ಪೇಪರ್‌ಗೆ 300 ಅಂಕ, ಅಂದರೆ 150 ಬೇಕು. ಒಬ್ಬಳಿಗೆ 48, 52, 49 ಬಂತು ಅನ್ನಿ. ಮೂರರಲ್ಲೂ ಚೆನ್ನಾಗಿಯೇ ಬರೆದಿದ್ದಾಳೆ, ಒಟ್ಟು 149. ಫೇಲ್. ನಮ್ಮ ಹುಡುಗನ ಒಟ್ಟು 153, ಮೂರು ಅಂಕ ಮೇಲೆಯೇ ಇದೆ. ಆದರೆ ಒಂದರಲ್ಲಿ 36. ಅವನೂ ಫೇಲ್.

ಅವನಿಗೆ ಕಾಸ್ಟಿಂಗ್‌ನ 61 ಉಳಿಯಿತು. ಗ್ರೂಪ್‌ನ ಎಲ್ಲ ಪೇಪರ್ ಬರೆದು ಒಂದರಲ್ಲಿ 60 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಆ ಪೇಪರ್‌ಗೆ ಎಕ್ಸೆಂಪ್ಶನ್. ಮುಂದಿನ ಮೂರು ಅಟೆಂಪ್ಟ್‌ವರೆಗೆ ಅದನ್ನು ಮತ್ತೆ ಬರೆಯಬೇಕಿಲ್ಲ. ಎಲ್ಲರೂ ಇದನ್ನು ಹಬ್ಬದ ಹಾಗೆ ಆಚರಿಸುತ್ತಾರೆ. ಲೆಕ್ಕ ಹಾಕಿ ನೋಡಿ. 150ರಲ್ಲಿ 61 ಕಳೆದರೆ ಉಳಿದ ಎರಡರಿಂದ 89 ಬೇಕು. ನಲವತ್ತರ ಗೆರೆ ಹೇಗೂ ಇದೆ. 45, 44 ಬಂದರೆ ಆಯಿತು. ಅಂಕದಲ್ಲಿ ಸಿಕ್ಕ ಸಡಿಲ ಹನ್ನೊಂದೇ. ದೊಡ್ಡ ಲಾಭ ಇರುವುದು ಸಮಯದಲ್ಲಿ, ಓದಬೇಕಾದ ಒಂದು ಪೇಪರ್ ಕಡಿಮೆಯಾಗುತ್ತದೆ. ಆ ಸಮಯವನ್ನು ಸೋತ ಪೇಪರ್‌ಗೆ ಕೊಡದೆ ಗೆದ್ದ ಪೇಪರ್‌ನ ಖುಷಿಯಲ್ಲೇ ಇದ್ದರೆ ಮತ್ತೆ 36 ಗ್ಯಾರಂಟಿ.

ಎರಡೂ ಗ್ರೂಪ್ ಒಟ್ಟಿಗೆ ಕಟ್ಟಬೇಕಾ, ಒಂದೊಂದಾಗಿ ಕಟ್ಟಬೇಕಾ ಎಂಬ ಜಗಳ ಪ್ರತಿ ಮನೆಯಲ್ಲೂ ನಡೆಯುತ್ತದೆ. ಒಟ್ಟಿಗೆ ಬರೆದರೆ ಒಂದು ಅನುಕೂಲ ಇದೆ. ಮೊದಲ ಗ್ರೂಪ್‌ನಲ್ಲಿ 138, ಎರಡನೆಯದರಲ್ಲಿ 165 ಬಂದರೆ ಒಟ್ಟು 303. ಎಲ್ಲದರಲ್ಲೂ 40 ದಾಟಿದ್ದರೆ ಎರಡೂ ಪಾಸ್. ಒಂದೇ ಬರೆದಿದ್ದರೆ 138 ಫೇಲ್ ಆಗುತ್ತಿತ್ತು. ಲೆಕ್ಕದ ಪೇಪರ್‌ಗಳಲ್ಲಿ ಕೈ ಗಟ್ಟಿ ಇದ್ದು, ಥಿಯರಿಯಲ್ಲಿ ನಲವತ್ತರ ಆಸುಪಾಸು ಓಡಾಡುವವರಿಗೆ, ಅಂದರೆ ನಮ್ಮ ಕಡೆಯ ಬಹುಪಾಲು ಮಕ್ಕಳಿಗೆ, ಈ ನಿಯಮ ಹೇಳಿ ಮಾಡಿಸಿದ ಹಾಗಿದೆ. ಅರ್ಧಂಬರ್ಧ ಓದಿದವರಿಗೆ ಅಲ್ಲ, ಅದು ಬೇರೆ ಮಾತು.

ಈಗ ಭಾಷೆಯ ವಿಷಯ. ಸಿಎ ಪರೀಕ್ಷೆಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯಬಹುದು. ಕನ್ನಡಕ್ಕೆ ಜಾಗವಿಲ್ಲ. ಹೊಸದುರ್ಗದ ಕಡೆಯ ಒಬ್ಬ ಹುಡುಗಿ ಹತ್ತನೇ ಕ್ಲಾಸು ಕನ್ನಡದಲ್ಲಿ ಓದುತ್ತಾಳೆ. ಪಿಯುಸಿಯಲ್ಲೂ ಅಕೌಂಟೆನ್ಸಿಯನ್ನು ಕನ್ನಡದಲ್ಲೇ ಬರೆಯಬಹುದು. ಜಮಾ, ಖರ್ಚು, ಸವಕಳಿ ಎಲ್ಲ ನೀರು ಕುಡಿದಷ್ಟು ಸಲೀಸು. ಫೌಂಡೇಶನ್‌ಗೆ ಬಂದಾಗ ಎರಡನೇ ಪೇಪರ್ ಬಿಸಿನೆಸ್ ಲಾ. ಕಾಂಟ್ರಾಕ್ಟ್ ಕಾಯ್ದೆಯ ಒಂದು ಪ್ರಸಂಗ ಕೊಟ್ಟು, ಯಾವ ನಿಯಮ, ಇಲ್ಲಿ ಹೇಗೆ ಹೊಂದುತ್ತದೆ, ತೀರ್ಮಾನ ಏನು ಎಂದು ಇಂಗ್ಲಿಷಿನಲ್ಲಿ ವಾದಿಸಿ ಬರೆಯಬೇಕು. ಹಿಂದಿ ಸೀಮೆಯ ಹುಡುಗನಿಗೆ ತನ್ನ ಭಾಷೆಯ ಬಾಗಿಲು ಇದೆ. ಅವಳಿಗಿಲ್ಲ. ಇದು ಅನ್ಯಾಯ ಎಂದು ಹೇಳಲು ನನಗೆ ಸಂಕೋಚವಿಲ್ಲ.

"ನೀಟ್ ಕನ್ನಡದಲ್ಲಿದೆ, ಜೆಇಇ ಮೇನ್ ಕನ್ನಡದಲ್ಲಿದೆ, ಸಿಎ ಯಾಕಿಲ್ಲ?" ಎಂಬ ಪ್ರಶ್ನೆ ಸರಿಯಾದದ್ದೇ. ಒಂದು ವ್ಯತ್ಯಾಸ ಮರೆಯಬಾರದು. ಅವು ಟಿಕ್ ಹಾಕುವ ಇಲ್ಲವೇ ಅಂಕಿ ತುಂಬುವ ಪರೀಕ್ಷೆಗಳು, ಪ್ರಶ್ನೆಯನ್ನು ಅನುವಾದ ಮಾಡಿದರೆ ಮುಗಿಯಿತು. ಸಿಎಯಲ್ಲಿ ಉತ್ತರ ಬರೆಯಬೇಕು. ಕನ್ನಡದಲ್ಲಿ ಬರೆದದ್ದನ್ನು ಓದಿ ತೂಗಬಲ್ಲ ಪರೀಕ್ಷಕರು ಬೇಕು. ಅದನ್ನು ಕಟ್ಟಲು ಕಾಲ ಹಿಡಿಯುತ್ತದೆ. ಆದರೆ ಫೌಂಡೇಶನ್‌ನ ಮೂರು ಮತ್ತು ನಾಲ್ಕನೇ ಪೇಪರ್ ಪೂರ್ತಿ ಬಹು ಆಯ್ಕೆಯವು. ಆ ಎರಡನ್ನಾದರೂ ಕನ್ನಡದಲ್ಲಿ ಕೊಡಲು ಇರುವ ತಾಂತ್ರಿಕ ಅಡ್ಡಿ ನನಗಂತೂ ಕಾಣುವುದಿಲ್ಲ. ಇನ್ನೊಂದು ಕಡೆ, ನಮ್ಮ ಕಡೆ ಇನ್‌ಕಮ್ ಟ್ಯಾಕ್ಸ್ ನೋಟಿಸಿಗೆ ಉತ್ತರ ಇಂಗ್ಲಿಷಿನಲ್ಲೇ ಹೋಗುತ್ತದೆ, ಆಡಿಟ್ ರಿಪೋರ್ಟೂ ಇಂಗ್ಲಿಷಿನಲ್ಲೇ. ಹಾಗಾಗಿ ಫೈನಲ್ ಮುಗಿಸುವ ಹೊತ್ತಿಗೆ ಇಂಗ್ಲಿಷ್ ಬರಲೇಬೇಕು. ನನ್ನ ಆಕ್ಷೇಪ ಇರುವುದು ಮೊದಲ ಮೆಟ್ಟಿಲಲ್ಲೇ ಅದನ್ನು ಗೋಡೆ ಮಾಡಿರುವುದಕ್ಕೆ.

ಗೋಡೆ ಬೀಳುವವರೆಗೆ ಕಾಯಲು ಆಗುವುದಿಲ್ಲವಲ್ಲ. ಹಾಗಾಗಿ ಬರವಣಿಗೆಯನ್ನೇ ಕಲಿಯಬೇಕು. ಇಲ್ಲಿ ನಾವು ದೊಡ್ಡ ತಪ್ಪು ಮಾಡುತ್ತಿದ್ದೇವೆ. ಪಿಯುಸಿ ಫಲಿತಾಂಶ ಬಂದ ವಾರದಲ್ಲೇ ಬೆಂಗಳೂರಿಗೆ ಹೋಗುವ ಮಾತು ಶುರುವಾಗುತ್ತದೆ. ಕೋಚಿಂಗ್ ಫೀಸು, ಪಿಜಿ ಬಾಡಿಗೆ, ಊಟ, ಎಲ್ಲ ಸೇರಿಸಿ ಅಡಿಕೆ ತೋಟದವರೂ ಒಮ್ಮೆ ಯೋಚಿಸುವಷ್ಟು ಖರ್ಚು. ನಾನೂ ಹೋಗಿದ್ದೆ. ದೊಡ್ಡ ಹಾಲ್, ಹಿಂದಿನ ಸಾಲಿನವರಿಗೆ ಟಿವಿ ಪರದೆ. ಪಾಠ ಚೆನ್ನಾಗಿಯೇ ಇತ್ತು. ಹತ್ತು ತಿಂಗಳಲ್ಲಿ ನಾನು ಬರೆದ ಒಂದೇ ಒಂದು ಉತ್ತರವನ್ನೂ ಅಲ್ಲಿ ಯಾರೂ ಓದಲಿಲ್ಲ. ಮೊದಲ ಅಟೆಂಪ್ಟ್‌ನಲ್ಲಿ ಲಾ ಪೇಪರ್‌ಗೆ 34 ಬಂತು. ಯಾಕೆ ಅಂತ ಕೇಳಲೂ ಜನ ಇರಲಿಲ್ಲ.

ಈಗ ಅದು ಮೊಬೈಲಿಗೆ ಬಂದಿದೆ. ಎರಡು ಪಟ್ಟು ವೇಗದಲ್ಲಿ ವಿಡಿಯೋ ನೋಡುತ್ತಾರೆ. ಕೇಳಿದಾಗ ಎಲ್ಲ ಅರ್ಥವಾಗುತ್ತದೆ. ಅರ್ಥವಾದದ್ದನ್ನೇ ಬರುತ್ತದೆ ಅಂದುಕೊಳ್ಳುತ್ತಾರೆ. ಈಜು ಕಲಿಯಲು ದಡದಲ್ಲಿ ಕೂತು ನೋಡಿದ ಹಾಗೆ ಅಲ್ವಾ? ಇಷ್ಟೂ ಸಾಮಗ್ರಿ ಸಿಎ ಪರೀಕ್ಷೆ ನಡೆಸುವ ಸಂಸ್ಥೆಯ (ಐಸಿಎಐ) ವೆಬ್‌ಸೈಟಿನಲ್ಲೇ ಪುಕ್ಕಟೆ ಸಿಗುತ್ತದೆ. ಸ್ಟಡಿ ಮೆಟೀರಿಯಲ್, ಪ್ರತಿ ಪರೀಕ್ಷೆಗೆ ಮುನ್ನ ಬರುವ ರಿವಿಷನ್ ಟೆಸ್ಟ್ ಪೇಪರ್, ಮಾಕ್ ಟೆಸ್ಟ್, ಹಳೆಯ ಪ್ರಶ್ನೆಗಳಿಗೆ ಸಂಸ್ಥೆಯೇ ಬರೆದ ಮಾದರಿ ಉತ್ತರ. ಲೈವ್ ಕ್ಲಾಸೂ ಇದೆ. ಬೆಂಗಳೂರಿಗೆ ಹೋಗುವುದು ಬೇಡವೇ ಬೇಡ ಎಂದು ಹೇಳುತ್ತಿಲ್ಲ. ಹೋಗುವ ಮೊದಲು ಒಂದೇ ಪ್ರಶ್ನೆ ಕೇಳಿ: "ನಮ್ಮ ಹುಡುಗಿಯ ಉತ್ತರ ಪತ್ರಿಕೆಯನ್ನು ವಾರಕ್ಕೊಮ್ಮೆ ಯಾರಾದರೂ ತಿದ್ದಿ ಕೊಡ್ತೀರಾ?" ಉತ್ತರ ತಡವರಿಸಿದರೆ ಊರಲ್ಲೇ ಓದಿಸಿ.

ಊರಲ್ಲಿ ಓದುವುದಕ್ಕೆ ಇನ್ನೊಂದು ಲಾಭವೂ ಇದೆ. ಪುಸ್ತಕದ ಅರ್ಧ ಇಲ್ಲಿಯ ಬೀದಿಯಲ್ಲಿದೆ. ಕಾಸ್ಟಿಂಗ್‌ನಲ್ಲಿ ಜಾಯಿಂಟ್ ಪ್ರಾಡಕ್ಟ್, ಬೈ ಪ್ರಾಡಕ್ಟ್ ಎಂಬ ಅಧ್ಯಾಯ ಬರುತ್ತದೆ, ಒಂದೇ ಕಚ್ಚಾ ಸರಕಿನಿಂದ ಹಲವು ಸರಕು ಹುಟ್ಟಿದರೆ ಖರ್ಚು ಹಂಚುವುದು ಹೇಗೆ ಅಂತ. ಸರ್ಕಾರಕ್ಕೆ ಅಕ್ಕಿ ಮಾಡಿಕೊಡುವ ಮಿಲ್‌ಗೆ 100 ಕೆಜಿ ಭತ್ತಕ್ಕೆ 67 ಕೆಜಿ ಅಕ್ಕಿ ಎಂಬ ಲೆಕ್ಕ. ಉಳಿದದ್ದು ತೌಡು, ನುಚ್ಚು, ಹೊಟ್ಟು. ಹೊಟ್ಟನ್ನು ಮಿಲ್‌ನವರು ಬಾಯ್ಲರಿಗೆ ಹಾಕಿದರೆ ಅದರ ಬೆಲೆಯನ್ನು ಎಲ್ಲಿ ತೋರಿಸಬೇಕು? ತೌಡು ಮಾರಿದ ದುಡ್ಡನ್ನು ಅಕ್ಕಿಯ ಖರ್ಚಿನಿಂದ ಕಳೆಯಬೇಕೋ, ಬೇರೆ ಆದಾಯವೋ? ಚಳ್ಳಕೆರೆಯ ಎಣ್ಣೆ ಮಿಲ್‌ಗೆ ಹೋದರೆ ಇದೇ ಪ್ರಶ್ನೆ ಶೇಂಗಾ ಎಣ್ಣೆ ಮತ್ತು ಹಿಂಡಿಯ ರೂಪದಲ್ಲಿ ಕಾಯುತ್ತಿರುತ್ತದೆ.

ಜಿಎಸ್‌ಟಿಗೆ ಮಂಡಕ್ಕಿಗಿಂತ ಒಳ್ಳೆಯ ಮೇಷ್ಟ್ರು ಬೇಕಾ? 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಮಂಡಕ್ಕಿಗೆ 5% ತೆರಿಗೆ ಬಂತು. ಭಟ್ಟಿಯಿಂದ ಬಿಡಿಯಾಗಿ ಅಳೆದು ಕೊಟ್ಟರೆ ಇಲ್ಲ. ಅದೇ ಭಟ್ಟಿ, ಅದೇ ಮಂಡಕ್ಕಿ, ತೆರಿಗೆ ನಿಂತಿರುವುದು ಕವರಿನ ಮೇಲೆ. ಇದನ್ನು ಒಮ್ಮೆ ಭಟ್ಟಿಯ ಮಾಲೀಕರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದವನಿಗೆ ಆ ನಿಯಮ ಮರೆಯುವುದಿಲ್ಲ. ಅದನ್ನೇ ಮನೆಗೆ ಬಂದು ಇಂಗ್ಲಿಷಿನಲ್ಲಿ ಆರು ಸಾಲು ಬರೆಯಬೇಕು. ನಾವು ಬಿಟ್ಟಿರುವುದು ಈ ಎರಡನೇ ಅರ್ಧವನ್ನು.

ಪರೀಕ್ಷೆಯನ್ನು ಮುಂದಕ್ಕೆ ಹಾಕಿದರೆ ಆಗುವ ನಷ್ಟ ಈಗ ಇನ್ನೂ ಜಾಸ್ತಿ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದಿದೆ, 2026ರ ಏಪ್ರಿಲ್ 1ರಿಂದ ಜಾರಿ. 536 ಸೆಕ್ಷನ್. ಪ್ರೀವಿಯಸ್ ಇಯರ್ (ದುಡಿದ ವರ್ಷ), ಅಸೆಸ್‌ಮೆಂಟ್ ಇಯರ್ (ಅದರ ತೆರಿಗೆ ಲೆಕ್ಕ ಹಾಕುವ ವರ್ಷ) ಎಂಬ ಜೋಡಿ ಹೋಗಿ ಟ್ಯಾಕ್ಸ್ ಇಯರ್ ಒಂದೇ ಉಳಿಯಿತು. ಎಲ್ಐಸಿ ಏಜೆಂಟರ ಬಾಯಲ್ಲೂ ಓಡಾಡುತ್ತಿದ್ದ, ಉಳಿತಾಯಕ್ಕೆ ತೆರಿಗೆ ರಿಯಾಯಿತಿ ಕೊಡುವ ಸೆಕ್ಷನ್ 80ಸಿ ಈಗ 123. ನಿಯಮಗಳ ತಿರುಳು ಅಷ್ಟೇನೂ ಬದಲಾಗಿಲ್ಲ, ಆದರೆ ಬಾಯಿಪಾಠ ಮಾಡಿದ ಸೆಕ್ಷನ್ ನಂಬರ್‌ಗಳು ಹೋದವು. ಜಿಎಸ್‌ಟಿಯಲ್ಲೂ 2025ರ ಸೆಪ್ಟೆಂಬರ್ 22ರಿಂದ ದರದ ಹಂತಗಳು ಬದಲಾದವು. ತಮ್ಮ ಅಟೆಂಪ್ಟ್‌ಗೆ ಯಾವ ಕಾಯ್ದೆ ಅನ್ವಯ ಎಂಬುದನ್ನು ಸಂಸ್ಥೆಯ ಪ್ರಕಟಣೆಯಲ್ಲೇ ನೋಡಿಕೊಳ್ಳಬೇಕು. ಸೀನಿಯರ್ ಕೊಟ್ಟ ಹಳೇ ನೋಟ್ಸನ್ನು ನಂಬಿ ಕೂರುವ ಕಾಲ ಇದಲ್ಲ.

ತಾರೀಖಿನ ಒಂದು ಸಣ್ಣ ವಿಷಯ, ಆದರೆ ನಾಲ್ಕು ತಿಂಗಳು ನುಂಗುವಂಥದ್ದು. ಫೌಂಡೇಶನ್‌ಗೆ ಪರೀಕ್ಷೆಗಿಂತ ನಾಲ್ಕು ತಿಂಗಳು ಮೊದಲೇ ನೋಂದಣಿ ಆಗಿರಬೇಕು. ಹತ್ತನೇ ಕ್ಲಾಸು ಮುಗಿದ ಮೇಲೆ ಯಾವಾಗ ಬೇಕಾದರೂ ನೋಂದಾಯಿಸಬಹುದು. ದ್ವಿತೀಯ ಪಿಯುಸಿ ಫಲಿತಾಂಶ ಏಪ್ರಿಲ್‌ನಲ್ಲಿ ಬಂದು, ನೆಂಟರನ್ನೆಲ್ಲ ಕೇಳಿ, ಜೂನ್‌ನಲ್ಲಿ ಹೆಸರು ಹಚ್ಚಿದರೆ ಸೆಪ್ಟೆಂಬರ್ ತಪ್ಪಿ ಜನವರಿಗೆ ಹೋಗುತ್ತದೆ. ಪ್ರತಿ ವರ್ಷ ಇದನ್ನು ನೋಡುತ್ತೇನೆ.

ಆರ್ಟಿಕಲ್‌ಶಿಪ್ ವಿಷಯಕ್ಕೆ ಬಂದರೆ ದಾವಣಗೆರೆಗೂ ದುರ್ಗಕ್ಕೂ ಒಂದು ತಮಾಷೆಯ ವ್ಯತ್ಯಾಸ ಇದೆ. ಕನಿಷ್ಠ ಸ್ಟೈಪೆಂಡ್ ಊರಿನ ಜನಸಂಖ್ಯೆಯ ಮೇಲೆ ನಿಂತಿದೆ. 20 ಲಕ್ಷಕ್ಕೆ ಮೇಲೆ, 4ರಿಂದ 20 ಲಕ್ಷ, 4 ಲಕ್ಷಕ್ಕೆ ಕೆಳಗೆ ಎಂದು ಮೂರು ಹಂತ. 2011ರ ಜನಗಣತಿಯಲ್ಲಿ ದಾವಣಗೆರೆ ನಗರ ಸುಮಾರು 4.35 ಲಕ್ಷ. ಕೂದಲೆಳೆಯಲ್ಲಿ ನಡು ಹಂತಕ್ಕೆ ಬಂತು. ಚಿತ್ರದುರ್ಗ ಎರಡು ಲಕ್ಷವನ್ನೂ ಮುಟ್ಟಿರಲಿಲ್ಲ, ಹಾಗಾಗಿ ಕೆಳಗಿನ ಹಂತ. ಒಂದು ಗಂಟೆ ದಾರಿಯ ಎರಡು ಊರು, ಒಂದೇ ಕೆಲಸ, ಕೈಗೆ ಬರುವ ದುಡ್ಡು ಬೇರೆ. ಎರಡೂ ಕಡೆ ಆ ದುಡ್ಡಿನಲ್ಲಿ ಜೀವನ ನಡೆಯುವುದಿಲ್ಲ ಅನ್ನುವುದು ಬೇರೆ ಮಾತು. ಮನೆಯಲ್ಲಿ ಊಟ ಇರುವುದರಿಂದ ನಡೆಯುತ್ತದೆ, ಅಷ್ಟೆ.

ನಮ್ಮ ಹುಡುಗನಿಗೆ ಈಗ ಮಂಡಿಪೇಟೆಯ ಆಫೀಸಿನಲ್ಲಿ ಒಂದು ಪದ್ಧತಿ ಮಾಡಿದ್ದೇವೆ. ಸಂಜೆ ಏಳೂವರೆಗೆ ಕಂಪ್ಯೂಟರ್ ಬಂದ್. ಒಂದು ಹಳೇ ಪ್ರಶ್ನೆ, ಬಿಳಿ ಹಾಳೆ, ಮೊಬೈಲಿನಲ್ಲಿ ಟೈಮರ್. ಮೂರು ಗಂಟೆಗೆ ನೂರು ಅಂಕ ಅಂದರೆ ಅಂಕಕ್ಕೆ ಎರಡು ನಿಮಿಷವೂ ಇಲ್ಲ. ಐದು ಅಂಕಕ್ಕೆ ಒಂಬತ್ತು ನಿಮಿಷ. ಇಂಟರ್‌ನಲ್ಲಿ 30 ಅಂಕ ಬಹು ಆಯ್ಕೆ, ತಪ್ಪಿದರೆ ಕಡಿತವಿಲ್ಲ, ಅದನ್ನು ಅವನು ಮೊದಲಿಂದಲೂ ಚೆನ್ನಾಗಿಯೇ ಮಾಡುತ್ತಾನೆ. ಉಳಿದ 70ರಲ್ಲಿ ಅವನಿಗೆ ಬೇಕಾದದ್ದು ಇಪ್ಪತ್ತು ಚಿಲ್ಲರೆ. ಬರೆದ ಮೇಲೆ ಸಂಸ್ಥೆಯ ಮಾದರಿ ಉತ್ತರವನ್ನು ಪಕ್ಕಕ್ಕೆ ಇಟ್ಟುಕೊಂಡು ಕೆಂಪು ಪೆನ್ನಿನಲ್ಲಿ ಅವನೇ ಅಂಕ ಹಾಕಿಕೊಳ್ಳುತ್ತಾನೆ. ಆಮೇಲೆ ನಾನು ನೋಡುತ್ತೇನೆ. ಇಂಗ್ಲಿಷ್ ಇನ್ನೂ ಒರಟೇ. ಆದರೆ ಪ್ರತಿ ಪಾಯಿಂಟಿಗೆ ಒಂದು ಸಾಲು, ಸಾಲಿನ ಮೊದಲಿಗೆ ಕ್ರಿಯಾಪದ, ಇಷ್ಟು ರೂಢಿಯಾಗಿದೆ.

ಹೋದ ವಾರ ಅದೇ ಸ್ಟಾಕ್ ಎಣಿಕೆಯ ಪ್ರಶ್ನೆ ಕೊಟ್ಟೆ. ಸೂಚನೆ ತೂಗಿ ನೋಡುವುದು, ಗಮನಿಸುವುದು, ಪರಿಶೀಲಿಸುವುದು, ಎಣಿಸಿ ನೋಡುವುದು, ನಾಲ್ಕನ್ನು ಆರು ನಿಮಿಷದಲ್ಲಿ ಬರೆದ. ಐದನೆಯದಕ್ಕೆ ಪೆನ್ನು ನಿಂತಿತು. ಟೈಮರ್ ಓಡುತ್ತಿತ್ತು, ನಾನು ಬಾಯಿ ಬಿಡಲಿಲ್ಲ. ತಲೆ ಎತ್ತಿ ಕೇಳಿದ.

"ಅಣ್ಣಾ, ಅವತ್ತು ಮಿಲ್‌ನಲ್ಲಿ ನಾವು 3,144 ಅಂತ ಬರ್ಕೊಂಡ್ವಿ. ಅವರ ಪುಸ್ತಕದಲ್ಲಿ ಕೊನೆಗೆ ಎಷ್ಟು ಹಾಕಿದ್ರು, ನೋಡಿದ್ವಾ?"

ನೋಡಿರಲಿಲ್ಲ. ಅವನು ಐದನೇ ಸಾಲು ಬರೆದು ಮುಗಿಸಿದ. ಮರುದಿನ ಬೆಳಿಗ್ಗೆ ನಾನು ಮಿಲ್‌ನ ಗುಮಾಸ್ತರಿಗೆ ಫೋನ್ ಮಾಡಿ ಸ್ಟಾಕ್ ರಿಜಿಸ್ಟರ್ ಕಳಿಸಲು ಹೇಳಿದೆ.